ನಿಲ್ದಾಣ ದೂರ, ಸದ್ದು ನೆತ್ತಿಯ ಮೇಲೆ: ಪಾಲೊ ಆಲ್ಟೊ ನಗರದ ವಿಮಾನ ತಕರಾರು

ಸ್ಯಾನ್ ಫ್ರಾನ್ಸಿಸ್ಕೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಪಾಲೊ ಆಲ್ಟೊ ನಗರಕ್ಕೆ ನೇರ ಗೆರೆ ಎಳೆದರೆ ಸುಮಾರು 29 ಕಿಲೊಮೀಟರ್. ದೇವನಹಳ್ಳಿಯ ನಿಲ್ದಾಣಕ್ಕೂ ವಿಧಾನಸೌಧಕ್ಕೂ ನಡುವೆ ಇರುವ ನೇರ ಅಂತರಕ್ಕಿಂತ ಇದು ತುಸು ಹೆಚ್ಚೇ. ಇಷ್ಟು ದೂರದ ಊರಿಗೆ ವಿಮಾನದ ಸದ್ದಿನ ಕಾಟ ಹೇಗೆ ಬಂತು ಎಂಬ ಪ್ರಶ್ನೆ ಸಹಜ. ಆದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡಿರುವ, ಎಪ್ಪತ್ತು ಸಾವಿರದೊಳಗಿನ ಜನಸಂಖ್ಯೆಯ ಈ ನಗರ ಹತ್ತು ವರ್ಷಗಳಿಂದ ಇದೇ ಒಂದು ವಿಷಯಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಜೊತೆ ವಾದ ಮಾಡುತ್ತಲೇ ಇದೆ. ನಗರಸಭೆಯ ಸಭೆಗಳಲ್ಲಿ, ಸಂಸದರ ಕಚೇರಿಯಲ್ಲಿ, ಕೌಂಟಿ (ಅಲ್ಲಿನ ಜಿಲ್ಲೆ) ಮಟ್ಟದ ಸಮಿತಿಗಳಲ್ಲಿ ಮತ್ತೆ ಮತ್ತೆ ಈ ಮಾತು ಬಂದಿದೆ, ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ.

ಇದು ಶ್ರೀಮಂತರ ಊರಿನ ಸಣ್ಣ ಗೊಣಗಾಟ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಆಕಾಶದಲ್ಲಿ ಒಂದು ದಾರಿಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ತಾಂತ್ರಿಕ ಲೆಕ್ಕ ಎಂದು ಕರೆದು ಮುಚ್ಚಿದ ಕೋಣೆಯಲ್ಲಿ ತೀರ್ಮಾನಿಸಿದರೆ, ಕೆಳಗಿರುವ ಜನರ ನಿದ್ದೆಯ ಪಾಲುಪಟ್ಟಿಯನ್ನೇ ಅಲ್ಲಿ ಬರೆದಂತೆ. ಆ ಪಾಲು ಹೇಗೆ ಆಗುತ್ತದೆ, ಯಾವ ಲೆಕ್ಕ ಅದನ್ನು ಮರೆಮಾಡುತ್ತದೆ ಎಂಬುದು ಪಾಲೊ ಆಲ್ಟೊದಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆ ಕಡೆ ಕಾಣುವುದು ಕಡಿಮೆ.

ಎಲ್ಲ ದಾರಿಗಳೂ ಸೇರುವ ಜಾಗ

ಮೊದಲು ಭೂಗೋಳ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಇರುವುದು ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ. ವರ್ಷದ ಬಹುಪಾಲು ದಿನ ಇಲ್ಲಿ ಗಾಳಿ ಬೀಸುವುದು ಪೆಸಿಫಿಕ್ ಸಾಗರದ ಕಡೆಯಿಂದ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಹಾಗಾಗಿ ಯಾವ ದಿಕ್ಕಿನಿಂದ ಬಂದ ವಿಮಾನವೇ ಆಗಲಿ, ಕೊಲ್ಲಿಯ ದಕ್ಷಿಣ ಭಾಗಕ್ಕೆ ಬಂದು ವಾಯವ್ಯಕ್ಕೆ ಮುಖ ಮಾಡಿ, ನೀರಿನ ಮೇಲೆ ತಗ್ಗುತ್ತ ರನ್‌ವೇ ಸೇರಬೇಕು. ಲಾಸ್ ಏಂಜಲಿಸ್ ಕಡೆಯಿಂದ ಬರುವವು ಸಾಂಟಾ ಕ್ರೂಜ್ ಬೆಟ್ಟಗಳನ್ನು ದಾಟಿ ಉತ್ತರಕ್ಕೆ ಬರುತ್ತವೆ. ಸಿಯಾಟಲ್ ಮತ್ತು ಯುರೋಪಿನ ವಿಮಾನಗಳು ಉತ್ತರದಿಂದ ಬಂದು, ನಿಲ್ದಾಣವನ್ನು ಹಿಂದೆ ಬಿಟ್ಟು ದಕ್ಷಿಣಕ್ಕೆ ಸಾಗಿ, ಅಲ್ಲಿ ದೊಡ್ಡ ತಿರುವು ತೆಗೆದುಕೊಳ್ಳುತ್ತವೆ. ಸಾಗರದಾಚೆಯಿಂದ ಬರುವವು ಪಶ್ಚಿಮದ ಗುಡ್ಡಗಳನ್ನು ಹಾದು ಬರುತ್ತವೆ. ಈ ಮೂರೂ ಹರಿವುಗಳು ಒಂದಾಗುವುದು ಪಾಲೊ ಆಲ್ಟೊ, ಮೆನ್ಲೊ ಪಾರ್ಕ್, ಈಸ್ಟ್ ಪಾಲೊ ಆಲ್ಟೊ ಆಸುಪಾಸಿನ ಆಕಾಶದಲ್ಲಿ.

ಪೈಲಟ್‌ಗಳ ನಕ್ಷೆಯಲ್ಲಿ ಇಲ್ಲಿ 'ಮೆನ್ಲೊ' ಎಂಬ ಒಂದು ಬಿಂದುವಿದೆ. ಆಕಾಶ ತಿಳಿಯಾಗಿದ್ದಾಗ ವಿಮಾನಗಳು ಅದನ್ನು 5,000 ಅಡಿಯಲ್ಲಿ, ಮೋಡ ಮುಸುಕಿದ್ದಾಗ 4,000 ಅಡಿಯಲ್ಲಿ ದಾಟಬೇಕು ಎಂಬ ಹಳೆಯ ಒಡಂಬಡಿಕೆಯೂ ಇದೆ. ಅದನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂಬುದೇ ಮುಂದೆ ದೊಡ್ಡ ಜಗಳದ ವಸ್ತುವಾಯಿತು. ನಿಲ್ದಾಣದ ಎರಡು ಮುಖ್ಯ ಸಮಾನಾಂತರ ರನ್‌ವೇಗಳ ನಡುವೆ ಇರುವುದು ಬರೀ 750 ಅಡಿ ಅಂತರ. ಮಂಜು ಕವಿದ ದಿನ ಎರಡರಲ್ಲೂ ಅಕ್ಕಪಕ್ಕದಲ್ಲಿ ವಿಮಾನ ಇಳಿಸಲಾಗುವುದಿಲ್ಲ. ಆಗ ಸಾಲು ಉದ್ದವಾಗುತ್ತದೆ. ಅಂತರ ಕಾಯ್ದುಕೊಳ್ಳಲು ನಿಯಂತ್ರಕರು ವಿಮಾನಗಳನ್ನು ಅಕ್ಕಪಕ್ಕದ ಊರುಗಳ ಮೇಲೆ ಸುತ್ತು ಹಾಕಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಮಂಜಿಗೆ ಮೂವತ್ತು ಕಿಲೊಮೀಟರ್ ದೂರದವರು ನಿದ್ದೆಗೆಡುವುದು ಹೀಗೆ.

ಇದೆಲ್ಲ ಮೊದಲಿಂದಲೂ ಇತ್ತು. ಹೊಸದಾಗಿ ಬಂದದ್ದು ನೆಕ್ಸ್ಟ್‌ಜೆನ್.

ಹರಡಿದ್ದ ಸದ್ದು ಗೆರೆಯಾದದ್ದು

ಅಮೆರಿಕದ ವಾಯುಸಂಚಾರವನ್ನು ನೆಲದ ಮೇಲಿನ ರೇಡಿಯೊ ಸ್ತಂಭಗಳು ಮತ್ತು ರೇಡಾರ್‌ಗಳಿಂದ ಬಿಡಿಸಿ, ಜಿಪಿಎಸ್ ಆಧಾರಿತ ವ್ಯವಸ್ಥೆಗೆ ತರುವ ಯೋಜನೆಗೆ ನೆಕ್ಸ್ಟ್‌ಜೆನ್ ಎಂದು ಹೆಸರು. ಇಂಧನ ಉಳಿತಾಯ, ಸುರಕ್ಷತೆ, ಒಂದೇ ಆಕಾಶದಲ್ಲಿ ಹೆಚ್ಚು ವಿಮಾನಗಳಿಗೆ ಜಾಗ ಇವು ಅದರ ಗುರಿ. ಉತ್ತರ ಕ್ಯಾಲಿಫೋರ್ನಿಯಾಕ್ಕೆ ಬೇಕಾದ ಪರಿಸರ ಪರಿಶೀಲನೆಯನ್ನು 2014ರಲ್ಲಿ ಮುಗಿಸಿದ ಎಫ್‌ಎಎ, ಗಣನೀಯ ಪರಿಣಾಮವೇನೂ ಇಲ್ಲ ಎಂದು ಷರಾ ಬರೆಯಿತು. 2015ರ ಮಾರ್ಚ್ ವೇಳೆಗೆ ದಕ್ಷಿಣದಿಂದ ಬರುವ ವಿಮಾನಗಳಿಗೆ 'ಬಿಗ್ ಸುರ್' ಎಂಬ ಹಳೆಯ ದಾರಿಯ ಬದಲು 'ಸರ್ಫರ್' ಎಂಬ ಹೊಸ ದಾರಿ ಜಾರಿಗೆ ಬಂತು.

ಹೊಸ ದಾರಿ ಕೆಲವು ಮೈಲಿ ಪೂರ್ವಕ್ಕೆ ಸರಿದಿತ್ತು. ಆದರೆ ಜಾಗ ಬದಲಾದದ್ದಕ್ಕಿಂತ ಮುಖ್ಯವಾದದ್ದು ಅದರ ಅಗಲ. ಹಿಂದೆ ನಿಯಂತ್ರಕರು ಒಂದೊಂದು ವಿಮಾನಕ್ಕೂ ಬಾಯಲ್ಲಿ ದಿಕ್ಕು ಹೇಳಿ ತಿರುಗಿಸುತ್ತಿದ್ದರು. ಒಂದು ಸ್ವಲ್ಪ ಎಡಕ್ಕೆ, ಇನ್ನೊಂದು ಸ್ವಲ್ಪ ಬಲಕ್ಕೆ ಹೋಗುತ್ತಿದ್ದುದರಿಂದ ಸದ್ದು ಹಲವು ಮೈಲಿ ಅಗಲಕ್ಕೆ ಹರಡಿಕೊಳ್ಳುತ್ತಿತ್ತು. ಜಿಪಿಎಸ್ ದಾರಿಯಲ್ಲಿ ವಿಮಾನ ಹಾರಾಟದ ಶೇ 95ರಷ್ಟು ಸಮಯ ನಿಗದಿತ ಗೆರೆಯಿಂದ ಒಂದು ನಾಟಿಕಲ್ ಮೈಲಿಯೊಳಗೆ ಇರಲೇಬೇಕು. ಕಾರ್ಯತಃ ಅದಕ್ಕಿಂತಲೂ ನಿಖರವಾಗಿ, ಬಹುತೇಕ ಒಂದೇ ಗೆರೆಯ ಮೇಲೆ ಹಾರುತ್ತದೆ. ಹತ್ತು ಬೀದಿಗಳಿಗೆ ದಿನಕ್ಕೆ ಒಂದಿಷ್ಟು ಎಂದು ಹಂಚಿಹೋಗುತ್ತಿದ್ದ ಸದ್ದು ಒಂದೇ ಬೀದಿಯ ಪಾಲಾಯಿತು. ಉಳಿದ ಒಂಬತ್ತು ಬೀದಿಯವರಿಗೆ ನೆಮ್ಮದಿ ಸಿಕ್ಕಿತು, ಅವರು ಸುಮ್ಮನಾದರು. ಒಟ್ಟು ಸದ್ದು ಕಡಿಮೆಯಾಗಿದೆ ಎಂಬ ಎಫ್‌ಎಎ ಮಾತೂ ನಿಜ, ಬದುಕು ಹಾಳಾಗಿದೆ ಎಂಬ ಆ ಒಂದು ಬೀದಿಯವರ ಮಾತೂ ನಿಜ.

ಸದ್ದಿನ ಬಗೆಯೂ ಬದಲಾಯಿತು. ಎಂಜಿನ್ ಬಹುತೇಕ ಸುಮ್ಮನಿರುವಂತೆ ಜಾರುತ್ತ ಇಳಿಯುವುದು ಹೊಸ ವಿಧಾನದ ಹೆಗ್ಗಳಿಕೆ. ಆದರೆ ಸಂಚಾರ ದಟ್ಟವಾಗಿದ್ದಾಗ ಅಂಥ ಇಳಿತ ಪೂರ್ತಿಯಾಗಿ ಸಾಧ್ಯವಾಗುವುದಿಲ್ಲ. ನಡುವೆ ವೇಗ ತಗ್ಗಿಸಬೇಕಾಗುತ್ತದೆ, ರೆಕ್ಕೆಯ ಮೇಲಿನ ಸ್ಪೀಡ್ ಬ್ರೇಕ್ ಎತ್ತಬೇಕಾಗುತ್ತದೆ. ಗಾಳಿ ಸೀಳುವ ಆ ಮೊರೆತ ಕೆಳಗಿನವರಿಗೆ ಕೇಳುತ್ತದೆ. ಏರ್‌ಬಸ್ ಎ320 ಕುಟುಂಬದ ವಿಮಾನಗಳದ್ದು ಇನ್ನೊಂದು ಕಥೆ. ಅವುಗಳ ರೆಕ್ಕೆಯ ಅಡಿಯಲ್ಲಿ ಇಂಧನದ ಒತ್ತಡ ಸಮತೋಲನಕ್ಕಾಗಿ ಇರುವ ಸಣ್ಣ ಕುಳಿಗಳ ಮೇಲೆ ಗಾಳಿ ಹಾದಾಗ ಕೀರಲು ಸಿಳ್ಳೆಯಂಥ ಸದ್ದು ಬರುತ್ತದೆ. ಕುಳಿಯ ಮುಂದೆ ಗಾಳಿಯ ಹರಿವನ್ನು ಕದಡುವ ಪುಟ್ಟ ಲೋಹದ ತುಂಡು ಕೂರಿಸಿದರೆ ಆ ಸಿಳ್ಳೆ ನಿಲ್ಲುತ್ತದೆ. ಲುಫ್ತಾನ್ಸಾ 2014ರಲ್ಲಿಯೇ ಇದನ್ನು ಅಳವಡಿಸತೊಡಗಿತು. ಸ್ಯಾನ್ ಫ್ರಾನ್ಸಿಸ್ಕೊವನ್ನು ದೊಡ್ಡ ನೆಲೆಯಾಗಿ ಮಾಡಿಕೊಂಡಿರುವ ಯುನೈಟೆಡ್ ಏರ್‌ಲೈನ್ಸ್ ಕೂಡ, ಇಲ್ಲಿನ ಜನರ ಒತ್ತಾಯ ಜೋರಾದ ಮೇಲೆ, ತನ್ನ ವಿಮಾನಗಳಿಗೆ ಹಾಕಿಸಲು ಒಪ್ಪಿತು. ಈ ಇಡೀ ತಕರಾರಿನಲ್ಲಿ ಯಾರಿಗೂ ನಷ್ಟವಾಗದೆ ಸಿಕ್ಕ ಪರಿಹಾರ ಎಂದರೆ ಹೆಚ್ಚುಕಡಿಮೆ ಇದೊಂದೇ.

ಊರಿನ ಮನೆಗಳ ಬಗ್ಗೆಯೂ ಒಂದು ಮಾತು. ಇಲ್ಲಿನ ಹವೆ ಹಿತವಾದದ್ದು, ಹಳೆಯ ಮನೆಗಳಲ್ಲಿ ಏಸಿ ಇಲ್ಲ. ಬೇಸಿಗೆಯ ರಾತ್ರಿ ಕಿಟಕಿ ತೆರೆದು ಮಲಗುವುದು ರೂಢಿ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಜೋಸೆಫ್ ಐಕ್ಲರ್ ಕಟ್ಟಿಸಿದ ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಈ ಒಂದೇ ಊರಿನಲ್ಲಿವೆ. ಚಪ್ಪಟೆ ತೆಳು ಚಾವಣಿ, ಒಂದೇ ಪದರದ ದೊಡ್ಡ ಗಾಜಿನ ಗೋಡೆ. ಬೆಳಕಿಗೆ ಹೇಳಿ ಮಾಡಿಸಿದ ಮನೆಗಳು, ಆದರೆ ಸದ್ದನ್ನು ತಡೆಯುವ ಗುಣ ಅವಕ್ಕಿಲ್ಲ.

ಸರಾಸರಿ ಮುಚ್ಚಿಡುವುದು

ಈಗ ಲೆಕ್ಕಕ್ಕೆ ಬರೋಣ. ಇಡೀ ವಿವಾದದ ತಿರುಳು ಇರುವುದು ಇಲ್ಲಿ.

ಎಫ್‌ಎಎ ಸದ್ದನ್ನು ಅಳೆಯುವುದು ಡಿಎನ್‌ಎಲ್ ಎಂಬ ಮಾಪನದಿಂದ. ಇಪ್ಪತ್ತನಾಲ್ಕು ಗಂಟೆಯಲ್ಲಿ ಬಂದ ಒಟ್ಟು ಶಬ್ದಶಕ್ತಿಯನ್ನು ದಿನದುದ್ದಕ್ಕೂ ಸಮನಾಗಿ ಹರಡಿ ತೆಗೆದ ಸರಾಸರಿ ಅದು. ರಾತ್ರಿ 10ರಿಂದ ಬೆಳಗ್ಗೆ 7ರವರೆಗಿನ ಸದ್ದಿಗೆ 10 ಡೆಸಿಬಲ್ ಹೆಚ್ಚುವರಿ ಸೇರಿಸುತ್ತಾರೆ. ಡೆಸಿಬಲ್ ಲಾಗರಿದಮ್ ಅಳತೆಯಾದ್ದರಿಂದ ಇದರ ಅರ್ಥ, ರಾತ್ರಿಯ ಒಂದು ವಿಮಾನ ಹಗಲಿನ ಹತ್ತು ವಿಮಾನಗಳಿಗೆ ಸಮ. ಇಷ್ಟರಮಟ್ಟಿಗೆ ಲೆಕ್ಕ ವಿವೇಕದ್ದೇ. ಈ ಸರಾಸರಿ 65 ದಾಟಿದರೆ ಅಲ್ಲಿ ವಾಸ ಯೋಗ್ಯವಲ್ಲ, ದಾಟದಿದ್ದರೆ ಗಣನೀಯ ತೊಂದರೆಯಿಲ್ಲ ಎಂಬುದು ದಶಕಗಳಿಂದ ಅಮೆರಿಕದ ನಿಯಮ. ಮನೆಗಳಿಗೆ ದಪ್ಪ ಗಾಜು, ಸದ್ದು ತಡೆಯುವ ಬಾಗಿಲು ಹಾಕಿಸಿಕೊಡಲು ಫೆಡರಲ್ ಹಣ ಸಿಗುವುದೂ ಈ ಗೆರೆಯ ಒಳಗಿನವರಿಗೆ ಮಾತ್ರ. ನಿಲ್ದಾಣಕ್ಕೆ ಹತ್ತಿರದ ಸ್ಯಾನ್ ಬ್ರೂನೊ, ಸೌತ್ ಸ್ಯಾನ್ ಫ್ರಾನ್ಸಿಸ್ಕೊ ಊರುಗಳ ಸಾವಿರಾರು ಮನೆಗಳಿಗೆ ಆ ನೆರವು ಸಿಕ್ಕಿದೆ. ಪಾಲೊ ಆಲ್ಟೊ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಏಕೆ ಬರುವುದಿಲ್ಲ? ಒಂದು ಉದಾಹರಣೆ ಹಾಕಿ ನೋಡೋಣ. ಮನೆಯ ಮೇಲೆ ಒಂದು ವಿಮಾನ ಹಾದುಹೋಗುವಾಗಿನ ಒಟ್ಟು ಸದ್ದನ್ನು ಒಂದು ಸೆಕೆಂಡಿಗೆ ಕುಗ್ಗಿಸಿ ಅಳೆದರೆ 75 ಡೆಸಿಬಲ್ ಆಯಿತು ಎಂದಿಟ್ಟುಕೊಳ್ಳಿ. ಹಗಲು ಹೊತ್ತಿನಲ್ಲಿ ಅಂಥ 200 ವಿಮಾನಗಳು ಹಾದವು ಎಂದುಕೊಳ್ಳಿ. ಒಂದು ದಿನದಲ್ಲಿರುವ 86,400 ಸೆಕೆಂಡುಗಳಿಗೆ ಇದನ್ನು ಹರಡಿದಾಗ ಬರುವ ಡಿಎನ್‌ಎಲ್ ಸುಮಾರು 48.6. ವಿಮಾನಗಳ ಸಂಖ್ಯೆ ದುಪ್ಪಟ್ಟಾಗಿ 400 ಆದರೂ ಏರುವುದು ಬರೀ 3 ಡೆಸಿಬಲ್. ಹಾಗಾದರೆ 65 ಮುಟ್ಟಲು ಎಷ್ಟು ವಿಮಾನ ಬೇಕು? ಸುಮಾರು 8,640. ಅಂದರೆ ಹಗಲಿನ ಹದಿನೈದು ಗಂಟೆಗಳಲ್ಲಿ ಪ್ರತಿ ನಿಮಿಷಕ್ಕೆ ಒಂಬತ್ತಕ್ಕೂ ಹೆಚ್ಚು. ಜಗತ್ತಿನ ಯಾವ ನಿಲ್ದಾಣಕ್ಕೂ ಆಗದ ಕೆಲಸ ಅದು. ಇಂಥ ಊರಿನ ಮಟ್ಟಿಗೆ 65 ಎಂಬುದು ಎಂದೆಂದಿಗೂ ಮುಟ್ಟಲಾಗದ ಗೆರೆ. ಗೆರೆ ಮುಟ್ಟುವವರೆಗೆ ತೊಂದರೆ ಇಲ್ಲ ಎನ್ನುವುದಾದರೆ, ದೂರು ಕೊಡುವ ಮೊದಲೇ ಉತ್ತರ ತೀರ್ಮಾನವಾಗಿದೆ.

ರಾತ್ರಿಯಿಡೀ ತೊಟ್ಟಿಕ್ಕುವ ನಲ್ಲಿಯ ಸದ್ದನ್ನು ಇಡೀ ದಿನಕ್ಕೆ ಹಂಚಿದರೆ ಸೊನ್ನೆಗೆ ಸಮ. ಆದರೆ ಎಚ್ಚರಗೊಂಡವರನ್ನು ಎಬ್ಬಿಸಿದ್ದು ಒಂದೊಂದು ತೊಟ್ಟು. ವಿಮಾನದ ಸದ್ದೂ ಘಟನೆಗಳಾಗಿಯೇ ಬರುತ್ತದೆ. ಎರಡು ನಿಮಿಷಕ್ಕೊಮ್ಮೆ ಮಾತು ನಿಲ್ಲಿಸಬೇಕು, ಮುಂಜಾನೆ ನಾಲ್ಕಕ್ಕೆ ಒಮ್ಮೆ, ನಾಲ್ಕೂ ಹತ್ತಕ್ಕೆ ಇನ್ನೊಮ್ಮೆ ಎಚ್ಚರಾಗಬೇಕು. ಒಂದು ನಿರ್ದಿಷ್ಟ ಮಟ್ಟಕ್ಕಿಂತ ಜೋರಾದ ವಿಮಾನಗಳು ದಿನಕ್ಕೆ ಎಷ್ಟು, ರಾತ್ರಿಗೆ ಎಷ್ಟು ಎಂಬ ಎಣಿಕೆ ಇದನ್ನು ಹಿಡಿಯುತ್ತದೆ. ಸರಾಸರಿಗೆ ಅದು ದಕ್ಕುವುದಿಲ್ಲ.

ಈ ಗೆರೆ ಹಳತಾಗಿದೆ ಎಂಬುದಕ್ಕೆ ಪುರಾವೆ ಕೊಟ್ಟದ್ದು ಎಫ್‌ಎಎ ತಾನೇ. ಎಷ್ಟು ಸದ್ದಿಗೆ ಎಷ್ಟು ಜನರಿಗೆ ತೀವ್ರ ಕಿರಿಕಿರಿಯಾಗುತ್ತದೆ ಎಂಬ ಹಳೆಯ ಅಂದಾಜು 1978ರ ಒಂದು ಅಧ್ಯಯನದಿಂದ ಬಂದದ್ದು. 1992ರಲ್ಲಿ ಪರಿಷ್ಕರಿಸಿದ ಅದರ ರೂಪದ ಪ್ರಕಾರ 65 ಡಿಎನ್‌ಎಲ್‌ನಲ್ಲಿ ತೀವ್ರ ಕಿರಿಕಿರಿ ಪಡುವವರು ಶೇ 12.3. ಎಫ್‌ಎಎ 20 ನಿಲ್ದಾಣಗಳ ಸುತ್ತಲಿನ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ನಡೆಸಿದ ಸಮೀಕ್ಷೆಯನ್ನು 2021ರ ಜನವರಿಯಲ್ಲಿ ಪ್ರಕಟಿಸಿತು. ಅದೇ 65ರಲ್ಲಿ ಈಗ ತೀವ್ರ ಕಿರಿಕಿರಿ ಪಡುವವರು ಶೇ 60ರಿಂದ 71. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ಕಟ್ಟುನಿಟ್ಟಿನದು. ವಿಮಾನದ ಸದ್ದು ದಿನದ ಸರಾಸರಿಯಲ್ಲಿ 45, ರಾತ್ರಿಯದರಲ್ಲಿ 40 ಡೆಸಿಬಲ್ ಮೀರಬಾರದು ಎಂದು ಅದು ಹೇಳುತ್ತದೆ. ಅಲ್ಲಿನ ಮಾಪನಕ್ಕೂ ಡಿಎನ್‌ಎಲ್‌ಗೂ ಸಣ್ಣ ವ್ಯತ್ಯಾಸವಿದೆ. ಆದರೂ 45 ಎಲ್ಲಿ, 65 ಎಲ್ಲಿ. ಎಫ್‌ಎಎ 2023ರಲ್ಲಿ ತನ್ನ ಸದ್ದಿನ ನೀತಿಯ ಮರುಪರಿಶೀಲನೆಗೆ ಕೈಹಾಕಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಸಮೀಕ್ಷೆಯ ಅಂಕಿಗಳು ಕೈಯಲ್ಲಿರುವಾಗ ಹಳೆಯ ಗೆರೆಯನ್ನೇ ಹಿಡಿದು ಕೂರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಯಾರನ್ನು ಕೇಳಬೇಕು?

ನಗರಸಭೆಗೆ ಇಲ್ಲಿ ಅಧಿಕಾರವಿಲ್ಲ. ಬರ್ಬ್ಯಾಂಕ್ ನಗರ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಜೆಟ್ ಹಾರಾಟ ನಿಷೇಧಿಸಿದಾಗ, 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ರದ್ದು ಮಾಡಿ, ಆಕಾಶ ಫೆಡರಲ್ ಸರ್ಕಾರದ್ದು ಎಂದಿತು. ಅದಕ್ಕೂ ಮೊದಲೇ, 1962ರಲ್ಲಿ, ಅದೇ ಕೋರ್ಟು ಸದ್ದಿನಿಂದ ಆಸ್ತಿಗೆ ಹಾನಿಯಾದರೆ ಪರಿಹಾರ ಕೊಡಬೇಕಾದದ್ದು ನಿಲ್ದಾಣದ ಒಡೆತನ ಹೊಂದಿದವರು ಎಂದಿತ್ತು. ದಾರಿ ಎಳೆಯುವವರು ಒಬ್ಬರು, ಹಣ ತೆರಬೇಕಾದವರು ಇನ್ನೊಬ್ಬರು. 1990ರ ಕಾಯ್ದೆ ನಿಲ್ದಾಣಗಳು ತಾವಾಗಿ ಹೊಸ ರಾತ್ರಿ ನಿರ್ಬಂಧ ತರುವುದನ್ನೂ ಬಹುತೇಕ ಅಸಾಧ್ಯ ಮಾಡಿತು. ಮೊದಲೇ ಇದ್ದವು ಮಾತ್ರ ಉಳಿದವು. ಸ್ಯಾನ್ ಹೋಸೆ ನಿಲ್ದಾಣದಲ್ಲಿ ರಾತ್ರಿ 11.30ರಿಂದ ಬೆಳಗ್ಗೆ 6.30ರವರೆಗೆ ನಿರ್ಬಂಧವಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಲ್ಲ. ಒಂದೇ ಕೊಲ್ಲಿಯ ಎರಡು ನಿಲ್ದಾಣಗಳ ನಡುವಿನ ಈ ವ್ಯತ್ಯಾಸಕ್ಕೆ ಕಾರಣ ಇತಿಹಾಸ ಮಾತ್ರ.

ಸ್ಯಾನ್ ಹೋಸೆಯ ನಿರ್ಬಂಧವೂ ಅಲುಗಾಡದೆ ಉಳಿದದ್ದಲ್ಲ. ಅದು ಮೊದಲು ವಿಮಾನದ ತೂಕವನ್ನು ಆಧರಿಸಿತ್ತು. ಆರಕಲ್ ಕಂಪನಿಯ ಲ್ಯಾರಿ ಎಲಿಸನ್ ತಮ್ಮ ಖಾಸಗಿ ಗಲ್ಫ್‌ಸ್ಟ್ರೀಮ್ ಜೆಟ್ ಭಾರವಾಗಿದ್ದರೂ ಕಡಿಮೆ ಸದ್ದು ಮಾಡುತ್ತದೆ ಎಂದು ವಾದಿಸಿ ಫೆಡರಲ್ ನ್ಯಾಯಾಲಯದಲ್ಲಿ 2001ರಲ್ಲಿ ಗೆದ್ದರು. ಆಮೇಲೆ ನಗರ ತೂಕದ ಬದಲು ಸದ್ದನ್ನೇ ಆಧಾರವಾಗಿ ಮಾಡಿಕೊಂಡಿತು. ಅವರ ವಾದದಲ್ಲಿ ತರ್ಕವಿತ್ತು, ಒಪ್ಪಬೇಕು. ಆದರೆ ಒಬ್ಬ ವ್ಯಕ್ತಿಗೆ ಇಂಥ ವ್ಯಾಜ್ಯ ನಡೆಸುವ ಶಕ್ತಿ ಇರುವುದೂ, ಇಡೀ ಊರು ಸಮಿತಿಯಿಂದ ಸಮಿತಿಗೆ ಅಲೆಯುವುದೂ ಒಂದೇ ಪ್ರದೇಶದ ಚಿತ್ರಗಳು.

ಎಫ್‌ಎಎ ಆದೇಶವನ್ನು ಪ್ರಶ್ನಿಸಬೇಕಾದರೆ 60 ದಿನಗಳೊಳಗೆ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬೇಕು. ಹೊಸ ದಾರಿಯ ಪರಿಣಾಮ ಜನರಿಗೆ ಅರ್ಥವಾಗುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ. ಅರಿಜೋನಾದ ಫೀನಿಕ್ಸ್ ನಗರ ಈ ಗೋಡೆಯನ್ನು ದಾಟಿತು. 2014ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೊಸ ದಾರಿಗಳು ಹಠಾತ್ತನೆ ಜಾರಿಗೆ ಬಂದವು. ನಗರ ತಡವಾಗಿ ಕೋರ್ಟಿಗೆ ಹೋದರೂ, ಮಾತುಕತೆಯ ಭರವಸೆ ಕೊಟ್ಟು ಕಾಯಿಸಿದ್ದು ಎಫ್‌ಎಎ ಎಂಬ ಕಾರಣಕ್ಕೆ ಕೋರ್ಟು ಆ ವಿಳಂಬವನ್ನು ಮನ್ನಿಸಿತು. 2017ರ ಆಗಸ್ಟಿನಲ್ಲಿ, ಎಫ್‌ಎಎ ನಡೆ ಮನಸೋಇಚ್ಛೆಯದು ಎಂದು ಬಹುಮತದ ತೀರ್ಪು ಬಂತು. ದೇಶದ ಎಷ್ಟೋ ಊರುಗಳಿಗೆ ಅದು ಧೈರ್ಯ ಕೊಟ್ಟಿತು, ಆದರೆ ಅಂಥ ಗೆಲುವು ವಿರಳವಾಗಿಯೇ ಉಳಿಯಿತು.

ಪಾಲೊ ಆಲ್ಟೊ ಹಿಡಿದದ್ದು ಮಾತುಕತೆಯ ದಾರಿ. ಸಂಸತ್ ಸದಸ್ಯರಾದ ಆ್ಯನಾ ಎಶೂ, ಜಾಕಿ ಸ್ಪಿಯರ್ ಮತ್ತು ಸ್ಯಾಮ್ ಫಾರ್ ಮುಂದಾಗಿ 2016ರಲ್ಲಿ ಮೂರು ಕೌಂಟಿಗಳ ಹನ್ನೆರಡು ಚುನಾಯಿತ ಪ್ರತಿನಿಧಿಗಳ ಸಮಿತಿ ಮಾಡಿದರು. ಸಾಂಟಾ ಕ್ಲಾರಾ ಕೌಂಟಿಯ ಜೋ ಸಿಮಿಟಿಯನ್ ಅದರ ಅಧ್ಯಕ್ಷರು. ತಿಂಗಳುಗಟ್ಟಲೆ ಅಹವಾಲು ಕೇಳಿ ಅದೇ ವರ್ಷ ನವೆಂಬರಿನಲ್ಲಿ ವರದಿ ಕೊಟ್ಟರು. ಸರ್ಫರ್ ದಾರಿಯನ್ನು ಹಳೆಯ ಬಿಗ್ ಸುರ್ ಜಾಡಿಗೆ ಮರಳಿಸಬೇಕು, ಎತ್ತರ ಹೆಚ್ಚಿಸಬೇಕು, ರಾತ್ರಿ ಹೊತ್ತು ಆದಷ್ಟು ನೀರಿನ ಮೇಲಿನ ದಾರಿ ಬಳಸಬೇಕು ಎಂಬವು ಅದರ ಮುಖ್ಯ ಶಿಫಾರಸುಗಳು.

ಈ ಘಟ್ಟದಲ್ಲಿ ಊರು ಊರುಗಳೇ ಎದುರುಬದುರಾದವು. ದಾರಿ ಹಳೆಯ ಜಾಡಿಗೆ ಹೋದರೆ ಲಾಸ್ ಗಾಟೊಸ್ ಕಡೆಯ ಬೆಟ್ಟದವರಿಗೆ ನಿರಾಳ, ಫೆಲ್ಟನ್ ಮತ್ತು ಸ್ಕಾಟ್ಸ್ ವ್ಯಾಲಿ ಕಡೆಯವರಿಗೆ ಸಂಕಟ. ಸಮಿತಿಯಲ್ಲಿ ಆ ವಿಷಯಕ್ಕೆ ಒಮ್ಮತ ಬರಲಿಲ್ಲ, ಮತ ಹಾಕಿ ತೀರ್ಮಾನಿಸಬೇಕಾಯಿತು. ಅಷ್ಟಾದರೂ ಆ ಶಿಫಾರಸು ಕಾಗದದಿಂದ ಆಕಾಶಕ್ಕೆ ಇಳಿಯದೆ ವರ್ಷಗಳು ಕಳೆದವು. ನಿಲ್ದಾಣದ ಸುತ್ತಲ ಊರುಗಳ ಅಹವಾಲಿಗೆಂದೇ 1981ರಿಂದ ಒಂದು ದುಂಡುಮೇಜಿನ ವೇದಿಕೆ ಇದೆ. ಅದರಲ್ಲಿದ್ದದ್ದು ಸ್ಯಾನ್ ಮಟೇಯೊ ಕೌಂಟಿಯ ಊರುಗಳು. ಪಾಲೊ ಆಲ್ಟೊ ಇರುವುದು ಪಕ್ಕದ ಸಾಂಟಾ ಕ್ಲಾರಾ ಕೌಂಟಿಯಲ್ಲಿ, ಹಾಗಾಗಿ ಬಹಳ ಕಾಲ ಅಲ್ಲಿ ಅದಕ್ಕೆ ಕುರ್ಚಿಯೇ ಇರಲಿಲ್ಲ. ವಿಮಾನದ ದಾರಿಗೆ ಇಲ್ಲದ ಕೌಂಟಿ ಗಡಿ ಅಹವಾಲು ಹೇಳುವವರಿಗೆ ಮಾತ್ರ ಅಡ್ಡ ಬಂತು. ಆ ಕೊರತೆ ನೀಗಲೆಂದು ಸಾಂಟಾ ಕ್ಲಾರಾ ಮತ್ತು ಸಾಂಟಾ ಕ್ರೂಜ್ ಕೌಂಟಿಗಳಿಗೆ ಪ್ರತ್ಯೇಕ ದುಂಡುಮೇಜು ಹುಟ್ಟಿತು, ಬಹುಕಾಲ ಬಾಳಲಿಲ್ಲ. ದಶಕಗಳ ಕಾಲ ಈ ವಿಷಯ ಹಿಡಿದುಕೊಂಡಿದ್ದ ಎಶೂ 2025ರ ಜನವರಿಯಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಸ್ಯಾಮ್ ಲಿಕಾರ್ಡೊ ಹಿಂದೆ ಸ್ಯಾನ್ ಹೋಸೆಯ ಮೇಯರ್ ಆಗಿದ್ದವರು. ನಿಲ್ದಾಣ ನಡೆಸುವ ನಗರದ ಕಷ್ಟವೂ ಅದರ ಕೆಳಗಿನ ಊರುಗಳ ಕಷ್ಟವೂ ಅವರಿಗೆ ತಿಳಿದಿರಬೇಕು.

ನಮ್ಮ ಕನ್ನಡಿಗರಿಗೆ ಈ ಕಥೆ ಹೊರಗಿನದಲ್ಲ. ಪಕ್ಕದ ಸನಿವೇಲ್, ಕುಪರ್ಟಿನೊ, ಮೌಂಟನ್ ವ್ಯೂಗಳಲ್ಲಿ ಸಾಕಷ್ಟು ಕನ್ನಡ ಕುಟುಂಬಗಳಿವೆ. ಅವರಿಗೆ ಮಳೆಗಾಲದ ಗಾಳಿಯ ಪರಿಚಯ ಚೆನ್ನಾಗಿರುತ್ತದೆ. ಚಳಿಗಾಲದ ಮಳೆಯ ಮೋಡಗಳ ಜೊತೆ ದಕ್ಷಿಣದ ಗಾಳಿ ಬೀಸಿದಾಗ ಸ್ಯಾನ್ ಹೋಸೆ ನಿಲ್ದಾಣ ತನ್ನ ಹಾರಾಟದ ದಿಕ್ಕನ್ನು ತಿರುಗಿಸುತ್ತದೆ, ಇಳಿಯುವ ವಿಮಾನಗಳು ಈ ಊರುಗಳ ಮೇಲೆ ತಗ್ಗಾಗಿ ಬರುತ್ತವೆ. ವರ್ಷದಲ್ಲಿ ಕಡಿಮೆ ದಿನ ನಡೆಯುವ ಕಾರಣಕ್ಕೆ ವಾರ್ಷಿಕ ಸರಾಸರಿಯಲ್ಲಿ ಇದು ಕಾಣಿಸುವುದೇ ಇಲ್ಲ. ಅದೇ ಸರಾಸರಿಯ ಕಥೆ, ಬೇರೆ ರೂಪದಲ್ಲಿ.

ದೂರು ಕೊಡುವವರ ಮೇಲಿನ ದೂರು

ದೂರುಗಳ ಬಗ್ಗೆ ಒಂದು ಆಕ್ಷೇಪ ಸದಾ ಇದೆ: ಬೆರಳೆಣಿಕೆಯ ಜನ ಸಾವಿರಾರು ದೂರು ಬರೆಯುತ್ತಾರೆ. ಸುಳ್ಳಲ್ಲ. ವಾಷಿಂಗ್ಟನ್ನಿನ ರೇಗನ್ ನಿಲ್ದಾಣಕ್ಕೆ 2015ರಲ್ಲಿ ಬಂದ 8,760 ದೂರುಗಳಲ್ಲಿ 6,852 ಒಂದೇ ಮನೆಯಿಂದ ಬಂದವು ಎಂದು ಒಂದು ವಿಶ್ಲೇಷಣೆ ತೋರಿಸಿತ್ತು. ಪಾಲೊ ಆಲ್ಟೊ ಕಡೆ ಒಂದು ಗುಂಡಿ ಒತ್ತಿದರೆ ದೂರು ದಾಖಲಾಗುವ ತಂತ್ರಾಂಶವನ್ನು ಆ ಭಾಗದವರೇ ಮಾಡಿಕೊಂಡಿದ್ದರಿಂದ ಸಂಖ್ಯೆ ಇನ್ನಷ್ಟು ಉಬ್ಬಿತು. ಹಾಗಾಗಿ ದೂರುಗಳ ಸಂಖ್ಯೆಯನ್ನು ನೋವಿನ ಅಳತೆ ಎಂದು ತೆಗೆದುಕೊಳ್ಳಲಾಗದು. ಆದರೆ ದೂರು ಬರೆಯದವರಿಗೆ ನೋವಿಲ್ಲ ಎಂದೂ ಹೇಳಲಾಗದು. ಪಕ್ಕದ ಈಸ್ಟ್ ಪಾಲೊ ಆಲ್ಟೊ ಇದಕ್ಕಿಂತ ಬಹಳ ಕಡಿಮೆ ಆದಾಯದವರ ಊರು. ಎರಡು ಪಾಳಿ ದುಡಿದು ಬಂದವರಿಗೆ ಸಭೆಗೆ ಹೋಗಿ ಡೆಸಿಬಲ್ ಬಗ್ಗೆ ವಾದಿಸಲು ಪುರುಸೊತ್ತು ಎಲ್ಲಿ? ಅವರ ನೆತ್ತಿಯ ಮೇಲೂ ಅದೇ ವಿಮಾನಗಳು ಹಾರುತ್ತವೆ. ಗಟ್ಟಿ ದನಿಯ ಊರಿನಿಂದ ದನಿಯಿಲ್ಲದ ಊರಿಗೆ ದಾರಿಯನ್ನು ಸರಿಸುವುದು ಪರಿಹಾರ ಅಲ್ಲ. ಪಾಲೊ ಆಲ್ಟೊದವರೂ ಇದನ್ನು ತಮ್ಮ ಬೇಡಿಕೆಯ ಮೊದಲ ಸಾಲಿನಲ್ಲೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ದೂರಿನ ಸಂಖ್ಯೆಗಿಂತ ನಂಬಲರ್ಹವಾದದ್ದು ಅಳತೆ. ಸ್ಟ್ಯಾನ್‌ಫರ್ಡ್‌ನ ಏರೋನಾಟಿಕ್ಸ್ ವಿಭಾಗದಲ್ಲಿ ಪ್ರಾಧ್ಯಾಪಕ ಹುವಾನ್ ಅಲಾನ್ಸೊ ಮತ್ತು ಸಂಗಡಿಗರು 'ಮೋನಾ' ಎಂಬ ಯೋಜನೆಯಡಿ ನೆಲದ ಮೇಲೆ ಮೈಕ್ರೊಫೋನ್ ಇಟ್ಟು, ವಿಮಾನಗಳು ಬಿತ್ತರಿಸುವ ಸ್ಥಾನ ಸಂಕೇತದ ಜೊತೆ ಹೊಂದಿಸಿ, ಯಾವ ವಿಮಾನ ಯಾವ ಎತ್ತರದಲ್ಲಿ ಎಷ್ಟು ಸದ್ದು ಮಾಡಿತು ಎಂದು ದಾಖಲಿಸತೊಡಗಿದರು. ಈ ಬಗೆಯ ದಾಖಲೆ ಇದ್ದರೆ ಮಾತು ಭಾವನೆಯಿಂದ ಲೆಕ್ಕಕ್ಕೆ ಬರುತ್ತದೆ.

ಆರೋಗ್ಯದ ವಿಷಯದಲ್ಲಿ ಎಚ್ಚರ ಬೇಕು. ಯುರೋಪಿನ ಆರು ನಿಲ್ದಾಣಗಳ ಸುತ್ತ ನಡೆದು 2008ರಲ್ಲಿ ಪ್ರಕಟವಾದ ಹಯೀನಾ ಅಧ್ಯಯನ, ರಾತ್ರಿಯ ವಿಮಾನ ಸದ್ದು 10 ಡೆಸಿಬಲ್ ಹೆಚ್ಚಿದಂತೆ ಅಧಿಕ ರಕ್ತದೊತ್ತಡದ ಸಾಧ್ಯತೆ ಶೇ 14ರಷ್ಟು ಹೆಚ್ಚುವುದನ್ನು ಕಂಡಿತು. ಮಕ್ಕಳ ಮೇಲಿನ ಪರಿಣಾಮಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಮ್ಯೂನಿಕ್‌ನದು. ಅಲ್ಲಿ 1992ರ ಮೇ ತಿಂಗಳಲ್ಲಿ ಹಳೆಯ ನಿಲ್ದಾಣ ಮುಚ್ಚಿ ಹೊಸದು ಬೇರೆಡೆ ತೆರೆಯಿತು. ಹಳೆಯದರ ಸುತ್ತಲಿನ ಮಕ್ಕಳ ಓದು, ನೆನಪಿನ ಶಕ್ತಿ ಸುಧಾರಿಸಿತು, ಹೊಸದರ ಸುತ್ತಲಿನ ಮಕ್ಕಳದ್ದು ಕುಗ್ಗಿತು. ಆದರೆ ಈ ಅಧ್ಯಯನಗಳ ಬಹುಪಾಲು ಜನ ನಿಲ್ದಾಣಕ್ಕೆ ಹತ್ತಿರ ಇದ್ದವರು. ಪಾಲೊ ಆಲ್ಟೊದಂಥ ದೂರದ ಊರಿಗೆ ಅದೇ ಅಂಕಿಗಳನ್ನು ಅಂಟಿಸಿ ಹೆದರಿಸುವುದು ಸರಿಯಲ್ಲ. ಇಲ್ಲಿನ ಗಟ್ಟಿ ವಾದ ರಾತ್ರಿಯ ನಿದ್ದೆಯದು, ಅದೊಂದೇ ಸಾಕು.

ಏನು ಮಾಡಬಹುದು ಎಂದು ಕೇಳಿದರೆ ನನ್ನ ಪಟ್ಟಿಯ ಮೇಲ್ತುದಿಯಲ್ಲಿರುವುದು ರಾತ್ರಿ. ಮಧ್ಯರಾತ್ರಿಯಿಂದ ಮುಂಜಾನೆವರೆಗೆ ಸಂಚಾರ ವಿರಳ. ಉತ್ತರದಿಂದ ಬರುವವನ್ನು ಭೂಮಿಯ ಮೇಲೆ ತರುವ ಬದಲು ಕೊಲ್ಲಿಯ ನೀರಿನ ಮೇಲೆಯೇ ತರಲು ಆಗ ಜಾಗವಿರುತ್ತದೆ. ಹಗಲಲ್ಲಿ ನಿಯಂತ್ರಕರಿಗೆ ಕೈಕಟ್ಟಿದಂತಿರುತ್ತದೆ, ಅದು ನಿಜ. ರಾತ್ರಿ ಆ ನೆಪ ನಡೆಯುವುದಿಲ್ಲ. ಲಂಡನ್ನಿನ ಹೀಥ್ರೊದಲ್ಲಿ ಮಧ್ಯಾಹ್ನ ಮೂರಕ್ಕೆ ಇಳಿಯುವ ರನ್‌ವೇ ಬದಲಿಸಿ, ಎರಡೂ ಕಡೆಯವರಿಗೆ ಅರ್ಧ ದಿನದ ಬಿಡುವನ್ನು ಮೊದಲೇ ತಿಳಿಸುವ ಪದ್ಧತಿ ದಶಕಗಳಿಂದ ಇದೆ. ಯಾವಾಗ ನಿಲ್ಲುತ್ತದೆ ಎಂದು ಗೊತ್ತಿರುವ ಸದ್ದನ್ನು ಮನುಷ್ಯ ಹೇಗೋ ಸಹಿಸುತ್ತಾನೆ. ಜಿಪಿಎಸ್‌ನಿಂದ ಒಂದು ಗೆರೆ ಎಳೆಯಲು ಬರುವುದಾದರೆ ನಾಲ್ಕು ಗೆರೆ ಎಳೆದು ದಿನಕ್ಕೊಂದರಂತೆ ಬಳಸಲೂ ಬರುತ್ತದೆ. ನಿಯಂತ್ರಕರಿಗೆ ಕೆಲಸ ಹೆಚ್ಚುತ್ತದೆ, ಸ್ವಲ್ಪ ಇಂಧನವೂ ಹೆಚ್ಚು ಬೇಕು. ಆ ಬೆಲೆಯನ್ನು ಟಿಕೆಟ್ ಕೊಳ್ಳುವ ನಾವು ಕೊಡಬೇಕು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ 2021ರ ಜನವರಿಯಲ್ಲಿ ಶುರುವಾದಾಗ ಸಂಭ್ರಮಿಸಿದವರಲ್ಲಿ ಈ ಊರುಗಳ ಕನ್ನಡಿಗರೂ ಇದ್ದರು, ಅದು ತಪ್ಪೂ ಅಲ್ಲ.

ಬೆಂಗಳೂರಿನ ಸರದಿ

ಮ್ಯೂನಿಕ್‌ನಲ್ಲಿ ಆದಂಥ ಸ್ಥಳಾಂತರ ನಮ್ಮಲ್ಲೂ ಆಗಿದೆ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದು, ಎಚ್‌ಎಎಲ್‌ನಿಂದ ಪ್ರಯಾಣಿಕ ವಿಮಾನಗಳು ಎದ್ದುಹೋದವು. ಮುರುಗೇಶಪಾಳ್ಯ, ವಿಮಾನಪುರದವರಿಗೆ ಸಿಕ್ಕ ನೆಮ್ಮದಿ ದೇವನಹಳ್ಳಿ ಸುತ್ತಲ ಹಳ್ಳಿಗಳ ಲೆಕ್ಕಕ್ಕೆ ಬರೆದದ್ದು. ಅಲ್ಲಿ 2019ರ ಡಿಸೆಂಬರಿನಲ್ಲಿ ಎರಡನೇ ರನ್‌ವೇ ಬಂತು, ವರ್ಷದ ಪ್ರಯಾಣಿಕರ ಸಂಖ್ಯೆ ನಾಲ್ಕು ಕೋಟಿ ದಾಟಿದೆ, ಸುತ್ತ ಅಪಾರ್ಟ್‌ಮೆಂಟ್‌ಗಳು ಏಳುತ್ತಲೇ ಇವೆ. ಭಾರತದಲ್ಲಿ ವಸತಿ ಪ್ರದೇಶದ ಸದ್ದಿನ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಕೇಂದ್ರ ಪರಿಸರ ಸಚಿವಾಲಯ 2018ರಲ್ಲಿ ನಿಲ್ದಾಣಗಳ ಸುತ್ತಲಿನ ವಲಯಕ್ಕೆ ಬೇರೆ ಮಿತಿ ತಂದಿತು. ವರ್ಷಕ್ಕೆ 50 ಸಾವಿರಕ್ಕಿಂತ ಹೆಚ್ಚು ಹಾರಾಟವಿರುವ ನಿಲ್ದಾಣಗಳಿಗೆ ಹಗಲು 70, ರಾತ್ರಿ 65. ಇಲ್ಲೂ ಅದೇ ಸರಾಸರಿ, ಎಷ್ಟು ಸಲ ಎಂಬ ಎಣಿಕೆಯಿಲ್ಲ.

ಬೆಂಗಳೂರಿಗೆ ಎರಡನೇ ನಿಲ್ದಾಣ ಬೇಕೆಂದು ರಾಜ್ಯ ಸರ್ಕಾರ ಕನಕಪುರ ರಸ್ತೆಯ ಬಳಿ ಎರಡು, ನೆಲಮಂಗಲದ ಕಡೆ ಒಂದು ಜಾಗ ಗುರುತಿಸಿತು. ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ 2025ರ ಏಪ್ರಿಲ್‌ನಲ್ಲಿ ಬಂದು ನೋಡಿತು. ಈಗಿನ ನಿಲ್ದಾಣದ ಒಪ್ಪಂದದಂತೆ 2033ರವರೆಗೆ 150 ಕಿಲೊಮೀಟರ್ ಒಳಗೆ ಇನ್ನೊಂದು ತೆರೆಯುವಂತಿಲ್ಲ. ಹಾಗಾಗಿ ಸಮಯ ಇದೆ. ನಮ್ಮಲ್ಲಿ ನಿಲ್ದಾಣದ ಚರ್ಚೆ ಎಂದರೆ ಭೂಸ್ವಾಧೀನ, ರಸ್ತೆ, ಮೆಟ್ರೊ ಇಷ್ಟೇ. ಜಮೀನು ಬಿಟ್ಟುಕೊಡುವವರ ಪಟ್ಟಿ ತಯಾರಾಗುತ್ತದೆ, ಇಪ್ಪತ್ತು ಮೂವತ್ತು ಕಿಲೊಮೀಟರ್ ದೂರದಲ್ಲಿ ಇಳಿಜಾಡಿನ ಕೆಳಗೆ ಬರುವವರದು ತಯಾರಾಗುವುದಿಲ್ಲ. ಗಾಳಿಯ ದಿಕ್ಕು ಗೊತ್ತಿದೆ, ರನ್‌ವೇ ಯಾವ ದಿಕ್ಕಿಗೆ ಇರಬಹುದೆಂದೂ ಅಂದಾಜಿಸಬಹುದು, ದೇವನಹಳ್ಳಿ, ಎಚ್‌ಎಎಲ್, ಯಲಹಂಕ ವಾಯುನೆಲೆಗಳ ಆಕಾಶ ಬಿಟ್ಟು ಉಳಿಯುವ ದಾರಿ ಯಾವುದೆಂದೂ ತಿಳಿದವರಿಗೆ ತಿಳಿದಿದೆ. ಮೂರು ಜಾಗಗಳಲ್ಲಿ ಒಂದನ್ನು ಆರಿಸುವ ಮೊದಲೇ ಒಂದೊಂದಕ್ಕೂ ವಿಮಾನಗಳು ಇಳಿಯುವ, ಏರುವ ಜಾಡಿನ ನಕ್ಷೆಯನ್ನೂ, ಆ ಜಾಡಿನ ಕೆಳಗಿನ ಹಳ್ಳಿ, ಶಾಲೆ, ಆಸ್ಪತ್ರೆಗಳ ಹೆಸರನ್ನೂ, ರಾತ್ರಿ ಎಷ್ಟು ವಿಮಾನ ನಿರೀಕ್ಷಿಸಬಹುದು ಎಂಬ ಸಂಖ್ಯೆಯನ್ನೂ ಕನ್ನಡದಲ್ಲಿ ಪ್ರಕಟಿಸಿ, ಪಂಚಾಯಿತಿ ಕಟ್ಟೆಗಳಲ್ಲಿ ಹಾಕಬೇಕು.